ರಕ್ತನಾಳ ತೆರೆದ ಮೇಲೂ ಮಿದುಳು ಹಾಳಾಗುವುದೇಕೆ? ಸ್ಟ್ರೋಕ್ ನಂತರ ಜೀನ್‌ಗಳು ಮಾಡುವ ಕೆಲಸ

ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದವರಿಗೆ ಇವತ್ತು ಎರಡು ದೊಡ್ಡ ಚಿಕಿತ್ಸೆಗಳಿವೆ. ಒಂದು, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್. ಇನ್ನೊಂದು, ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಮಿದುಳಿನವರೆಗೆ ಹೋಗಿ, ಆ ಹೆಪ್ಪನ್ನೇ ಹೊರಗೆಳೆಯುವುದು. ಈ ಎರಡನೆಯ ಚಿಕಿತ್ಸೆ 2015ರ ಹೊತ್ತಿಗೆ ಐದು ಪ್ರಯೋಗಗಳಲ್ಲಿ ಸಾಲಾಗಿ ಗೆದ್ದಿತು. ಆ ಐದರ ಲೆಕ್ಕವನ್ನೂ ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದರು. ಒಟ್ಟು 1287 ರೋಗಿಗಳು. ಹೆಪ್ಪು ತೆಗೆಸಿಕೊಂಡವರಲ್ಲಿ ಶೇ 71ರಷ್ಟು ಜನರ ರಕ್ತನಾಳ ಚೆನ್ನಾಗಿ ತೆರೆದುಕೊಂಡಿತ್ತು. ಆದರೆ ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದವರು ಶೇ 46 ಮಾತ್ರ. ಹೆಪ್ಪು ತೆಗೆಸಿಕೊಳ್ಳದವರಲ್ಲಿ ಈ ಸಂಖ್ಯೆ ಶೇ 26.5. ಹಾಗಾಗಿ ಇದು ದೊಡ್ಡ ಗೆಲುವೇ, ಅದರಲ್ಲಿ ಅನುಮಾನವಿಲ್ಲ.

ಆದರೂ 71 ಮತ್ತು 46ರ ನಡುವಿನ ಅಂತರ ಕಾಡುತ್ತದೆ ಅಲ್ವಾ? ನಾಳ ತೆರೆದಿದೆ, ರಕ್ತ ಮತ್ತೆ ಹರಿಯುತ್ತಿದೆ, ಆದರೂ ರೋಗಿ ಎದ್ದು ನಡೆಯುತ್ತಿಲ್ಲ. ಇದಕ್ಕೆ ಒಂದು ಕಾರಣ ಸರಳ. ಆಸ್ಪತ್ರೆ ಮುಟ್ಟುವಷ್ಟರಲ್ಲೇ ಬಹಳಷ್ಟು ಮಿದುಳು ಸತ್ತಿರುತ್ತದೆ. ದೊಡ್ಡ ನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲೇ ಲೆಕ್ಕ ಹಾಕಿದ್ದಾರೆ. ಇನ್ನೊಂದು ಕಾರಣ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳ ಒಳಗೆ ನೂರಾರು ಜೀನ್‌ಗಳು ಕೆಲಸ ಶುರು ಮಾಡುತ್ತವೆ. ಎಷ್ಟೋ ಜೀನ್‌ಗಳು ಬಾಯಿ ಮುಚ್ಚುತ್ತವೆ. ಹಾಗೆ ಶುರುವಾದ ಕೆಲಸ ಹೆಪ್ಪು ತೆಗೆದ ಕೂಡಲೇ ನಿಲ್ಲುವುದಿಲ್ಲ. ದಿನಗಟ್ಟಲೆ, ವಾರಗಟ್ಟಲೆ ನಡೆಯುತ್ತದೆ. ಮೊದಲ ಏಟಿನಲ್ಲಿ ಉಳಿದುಕೊಂಡ ಎಷ್ಟೋ ನರಕೋಶಗಳು ಸಾಯುವುದು ಈ ಹಂತದಲ್ಲೇ.

ನಮ್ಮ ಮೈಯ ಎಲ್ಲ ಜೀವಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಡಿಎನ್‌ಎ ಇದೆ. ಲಿವರ್ ಲಿವರ್ ಆಗಿರುವುದು, ನರ ನರವಾಗಿರುವುದು ಯಾವ ಜೀನ್ ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂಬ ಹತೋಟಿಯಿಂದ. ಸ್ಟ್ರೋಕ್ ಆದಾಗ ಡಿಎನ್‌ಎ ಬದಲಾಗುವುದಿಲ್ಲ, ಈ ಹತೋಟಿ ಅಲುಗಾಡುತ್ತದೆ.

ಮಿದುಳಿನ ತೂಕ ಮೈತೂಕದ ಶೇ 2ರಷ್ಟಿರಬಹುದು. ಆದರೆ ನಾವು ಎಳೆದುಕೊಳ್ಳುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ರಕ್ತ ನಿಂತರೆ ನಿಮಿಷಗಳಲ್ಲೇ ಶಕ್ತಿ ಖಾಲಿ. ನರಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬೇಕಾಬಿಟ್ಟಿ ಹೊರಗೆ ಸುರಿಯುತ್ತವೆ. ಅದರಿಂದ ಪಕ್ಕದ ಕೋಶಗಳ ಒಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ನಾಳ ಕಟ್ಟಿದ ಜಾಗದ ನಟ್ಟನಡುವಿನ ಭಾಗ ಹೀಗೆ ಬೇಗ ಸಾಯುತ್ತದೆ. ಅದರ ಸುತ್ತಲಿನ ಭಾಗಕ್ಕೆ ಅಕ್ಕಪಕ್ಕದ ನಾಳಗಳಿಂದ ಸ್ವಲ್ಪ ರಕ್ತ ಸಿಗುತ್ತಿರುತ್ತದೆ. ಅದು ಕೆಲಸ ನಿಲ್ಲಿಸಿರುತ್ತದೆ, ಸತ್ತಿರುವುದಿಲ್ಲ. ಇದಕ್ಕೆ ಪೆನಂಬ್ರಾ ಎನ್ನುತ್ತಾರೆ. ಡಾಕ್ಟರುಗಳು ಉಳಿಸಿಕೊಳ್ಳಲು ಹೋರಾಡುವುದು ಈ ಭಾಗಕ್ಕಾಗಿ. ಜೀನ್‌ಗಳ ಗಲಾಟೆ ಜಾಸ್ತಿ ಇರುವುದೂ ಇಲ್ಲೇ.

ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸಿ-ಫಾಸ್, ಸಿ-ಜುನ್‌ನಂಥ ಜೀನ್‌ಗಳು ನಿಮಿಷಗಳಲ್ಲೇ ಎಚ್ಚರಗೊಂಡು ಆರ್‌ಎನ್‌ಎ ಪ್ರತಿಗಳನ್ನು, ಅಂದರೆ ಪ್ರೋಟೀನ್ ತಯಾರಿಸಲು ಕೊಡುವ ಆದೇಶದ ನಕಲುಗಳನ್ನು, ಹೊರಡಿಸುತ್ತವೆ. ಆದರೆ ಶಕ್ತಿ ಇಲ್ಲದ ಕೋಶ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಟ್ಟಿರುತ್ತದೆ. ಆದೇಶ ಹೊರಟಿದೆ, ಮಾಡುವವರಿಲ್ಲ. ಹಾಗಾಗಿ ಯಾವ ಜೀನ್ ಎಚ್ಚರವಾಯಿತು ಎಂದಷ್ಟೇ ನೋಡಿ ತೀರ್ಮಾನಕ್ಕೆ ಬರಲಾಗದು. ಆ ಜೀನ್ ಯಾವ ಕೋಶದಲ್ಲಿದೆ, ಆ ಕೋಶಕ್ಕೆ ಎಷ್ಟು ರಕ್ತ ಸಿಗುತ್ತಿದೆ ಎಂಬುದನ್ನೂ ನೋಡಬೇಕು.

ಹೀಗೆ ಏಳುವ ಜೀನ್‌ಗಳಲ್ಲಿ ಉರಿಯೂತದವೂ ಇವೆ, ಅಂದರೆ ಗಾಯ, ಸೋಂಕು ಆದಾಗ ಮೈ ಎಬ್ಬಿಸುವ ಊತ-ಉರಿಯವು. ಅವುಗಳ ಕಥೆಗೆ ಬಂದರೆ ಒಂದು ಹೆಸರನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಆಗ ಅವರು ನೋಡುತ್ತಿದ್ದದ್ದು ಪ್ರತಿಕಾಯ ತಯಾರಿಸುವ ಬಿ-ಕೋಶಗಳನ್ನು. ಮಿದುಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆಮೇಲೆ ನೋಡಿದರೆ ಮೈಯ ಯಾವ ಮೂಲೆಗೆ ಹೋದರೂ ಇದು ಸಿಗುತ್ತದೆ! ಇದೊಂದು ಪ್ರೋಟೀನ್ ಜೋಡಿ. ಸುಮ್ಮನಿರುವ ಕೋಶದಲ್ಲಿ ಇನ್ನೊಂದು ಪ್ರೋಟೀನ್ ಇದನ್ನು ಹಿಡಿದು ಕೂರಿಸಿರುತ್ತದೆ, ಕೋಶದ ನಡುವಿನ ನ್ಯೂಕ್ಲಿಯಸ್‌ನೊಳಗೆ ಹೋಗಲು ಬಿಡುವುದಿಲ್ಲ. ಅಪಾಯದ ಸುದ್ದಿ ಬಂದಾಗ, ಹಿಡಿದು ಕೂರಿಸಿದ್ದ ಆ ಇನ್ನೊಂದು ಪ್ರೋಟೀನನ್ನು ಕೋಶವೇ ಒಡೆದುಹಾಕುತ್ತದೆ. ಬಿಡುಗಡೆಯಾದ ಜೋಡಿ ಒಳಗೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ, ಉರಿಯೂತದ ಜೀನ್‌ಗಳನ್ನು ಸಾಲಾಗಿ ಎಬ್ಬಿಸುತ್ತದೆ.

ಆದರೆ ಸ್ಟ್ರೋಕ್‌ನಲ್ಲಿ ರೋಗಾಣು ಇಲ್ಲ. ಹಾಗಿದ್ದರೆ ಅಪಾಯದ ಸುದ್ದಿ ಕೊಡುವವರು ಯಾರು? ಸಾಯುತ್ತಿರುವ ಕೋಶಗಳೇ. ಅವು ಒಡೆದಾಗ ಒಳಗಿರಬೇಕಾದ ವಸ್ತುಗಳು ಹೊರಗೆ ಚೆಲ್ಲುತ್ತವೆ. ಎಚ್‌ಎಂಜಿಬಿ1, ಪೆರಾಕ್ಸಿರೆಡಾಕ್ಸಿನ್‌ನಂಥ ಪ್ರೋಟೀನ್‌ಗಳು, ಡಿಎನ್‌ಎ ತುಣುಕುಗಳು. ಮಿದುಳಿನ ಕಾವಲು ಕಾಯುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಇವನ್ನು ಗ್ರಹಿಸುತ್ತವೆ. ಬ್ಯಾಕ್ಟೀರಿಯಾ ಹಿಡಿಯಲೆಂದು ಇಟ್ಟುಕೊಂಡ ಟಿಎಲ್‌ಆರ್ ಎಂಬ ಗ್ರಾಹಕಗಳಿಂದಲೇ ಗ್ರಹಿಸುತ್ತವೆ. ಹೀಗಾಗಿ ಸೋಂಕು ತಗುಲಿದರೆ ಏನೆಲ್ಲ ಆಗಬೇಕೋ ಅದೆಲ್ಲವೂ ಸೋಂಕೇ ಇಲ್ಲದ ಮಿದುಳಿನಲ್ಲಿ ಶುರುವಾಗುತ್ತದೆ.

ಎದ್ದ ಜೀನ್‌ಗಳಲ್ಲಿ ಟಿಎನ್‌ಎಫ್, ಐಎಲ್-1 ಬೀಟಾ, ಐಎಲ್-6 ಇವೆ. ಇವು ಉರಿಯೂತದ ಸುದ್ದಿಯನ್ನು ಊರಿಗೆಲ್ಲ ಸಾರುವ ಪ್ರೋಟೀನ್‌ಗಳು. ಐಎಲ್-1 ಬೀಟಾ ವಿಷಯದಲ್ಲಿ ಎರಡು ಬೀಗಗಳಿವೆ. ಮೊದಲು ಎನ್‌ಎಫ್-ಕಪ್ಪಾ-ಬಿ ಅದರ ಕಚ್ಚಾ ರೂಪವನ್ನು ತಯಾರು ಮಾಡಿಸಬೇಕು. ಆಮೇಲೆ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಗುಂಪು ಕೂಡಿಕೊಂಡು ಅದನ್ನು ಕತ್ತರಿಸಿ ಹೊರಗೆ ಬಿಡಬೇಕು. ಸ್ಟ್ರೋಕ್ ಎರಡನ್ನೂ ತೆರೆಯುತ್ತದೆ. ಜೊತೆಗೆ ರಕ್ತನಾಳದ ಒಳಗೋಡೆಯಲ್ಲಿ ಐಕ್ಯಾಮ್-1 ಎಂಬ ಅಂಟು ಪ್ರೋಟೀನ್ ಹೆಚ್ಚುತ್ತದೆ. ರಕ್ತದಲ್ಲಿ ಓಡುತ್ತಿರುವ ಬಿಳಿ ರಕ್ತಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಮೊದಲು ಬರುವುದು ನ್ಯೂಟ್ರೋಫಿಲ್‌ಗಳು, ಗಂಟೆಗಳ ಒಳಗೆ. ಅವು ಹೊತ್ತು ತರುವ ಎಂಎಂಪಿ-9 ಎಂಬ ಕಿಣ್ವ ರಕ್ತನಾಳದ ಗೋಡೆಯ ತಳಹದಿಯನ್ನೇ ಜೀರ್ಣಿಸುತ್ತದೆ. ಮಿದುಳಿಗೂ ರಕ್ತಕ್ಕೂ ನಡುವೆ ಇರುವ ಬಿಗಿಯಾದ ತಡೆ ಸಡಿಲಾಗುತ್ತದೆ. ನೀರು ಸೋರಿ ಮಿದುಳು ಊದುತ್ತದೆ. ಕೆಲವರಲ್ಲಿ ರಕ್ತವೇ ಸೋರುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ, ಊದಿದ ಮಿದುಳು ಹೋಗುವುದಾದರೂ ಎಲ್ಲಿಗೆ?

ಇಷ್ಟು ಓದಿದ ಯಾರಿಗಾದರೂ ಅನಿಸುವುದು ಒಂದೇ. ಈ ಎನ್‌ಎಫ್-ಕಪ್ಪಾ-ಬಿಯನ್ನು ಆಫ್ ಮಾಡಿದರಾಯಿತು! ವಿಜ್ಞಾನಿಗಳಿಗೂ ಹಾಗೇ ಅನಿಸಿತು. 1999ರಲ್ಲಿ ಇದರ ಒಂದು ಭಾಗವಾದ ಪಿ50 ಇಲ್ಲದ ಇಲಿಗಳಲ್ಲಿ ಸ್ಟ್ರೋಕ್ ಉಂಟುಮಾಡಿ ನೋಡಿದಾಗ ಹಾನಿಯಾದ ಜಾಗ ಚಿಕ್ಕದಾಗಿತ್ತು. ಅರಿಶಿನ ತಿಂದರೆ ಸ್ಟ್ರೋಕ್‌ಗೆ ಒಳ್ಳೆಯದು ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶಗಳ ಹಿಂದೆಯೂ ಇದೇ ತರ್ಕವಿದೆ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಎನ್‌ಎಫ್-ಕಪ್ಪಾ-ಬಿಯನ್ನು ತಡೆಯುವುದು ನಿಜ. ಆದರೆ ಹೊಟ್ಟೆಯಿಂದ ರಕ್ತಕ್ಕೆ ಅದು ಸೇರುವುದೇ ಅತ್ಯಲ್ಪ. ಸಾರಿಗೆ ಅರಿಶಿನ ಹಾಕಿ, ತೊಂದರೆಯಿಲ್ಲ. ಲಕ್ವಕ್ಕೆ ಅದು ಮದ್ದಲ್ಲ.

ಆಫ್ ಮಾಡುವ ಲೆಕ್ಕಾಚಾರ ಅಷ್ಟು ಸರಳವಾಗಿಲ್ಲ. ಎನ್‌ಎಫ್-ಕಪ್ಪಾ-ಬಿ ಎಂದರೆ ಒಂದೇ ಜೋಡಿಯಲ್ಲ, ಐದು ಸದಸ್ಯರ ಕುಟುಂಬ. ಪಿ65 ಮತ್ತು ಪಿ50 ಕೂಡಿದಾಗ ಸ್ಟ್ರೋಕ್‌ನಲ್ಲಿ ನರಕೋಶಕ್ಕೆ ಕೇಡು. ಅದೇ ಕುಟುಂಬದ ಸಿ-ರೆಲ್ ಕೂಡಿದ ಜೋಡಿ ನರಕೋಶವನ್ನು ಉಳಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ತಡೆದರೆ ಉಳಿಸುವವರನ್ನೂ ತಡೆದಂತೆ.

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಎಂಎಂಪಿ-9 ಕಥೆ. 2000ದಲ್ಲಿ ಈ ಜೀನ್ ಇಲ್ಲದ ಇಲಿಗಳಲ್ಲಿ ಸ್ಟ್ರೋಕ್‌ನ ಹಾನಿ ಕಡಿಮೆ ಎಂದು ತಿಳಿಯಿತು. ಹಾಗಾಗಿ ಎಂಎಂಪಿ-9 ಖಳನಾಯಕ ಎಂದಾಯಿತು. 2006ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಎಂಗ್ ಲೋ ಅವರ ತಂಡ ಇದನ್ನೇ ಬೇರೆ ಹೊತ್ತಿನಲ್ಲಿ ಪರೀಕ್ಷಿಸಿತು. ಸ್ಟ್ರೋಕ್ ಆಗಿ ಒಂದು ವಾರವಾದ ಮೇಲೆ ಈ ಕಿಣ್ವವನ್ನು ತಡೆದರು. ಇಲಿಗಳ ಸ್ಥಿತಿ ಇನ್ನೂ ಕೆಟ್ಟಿತು. ಹೊಸ ರಕ್ತನಾಳ ಬೆಳೆಯಬೇಕಾದರೆ, ನರಕೋಶಗಳು ಹೊಸ ದಾರಿ ಹುಡುಕಬೇಕಾದರೆ, ಹಳೆಯ ಗೋಡೆಗಳನ್ನು ಸ್ವಲ್ಪ ಕರಗಿಸಲೇಬೇಕು. ಆ ಕೆಲಸಕ್ಕೂ ಎಂಎಂಪಿ-9 ಬೇಕು. ಮಳೆ ಸುರಿಯುವಾಗ ಗದ್ದೆಯ ಬದು ಕಡಿದರೆ ಪೈರು ಕೊಚ್ಚಿಹೋಗುತ್ತದೆ. ಮಳೆ ನಿಂತ ಮೇಲೆ ಅದೇ ಬದುವನ್ನು ಕಡಿಯದಿದ್ದರೆ ನೀರು ನಿಂತು ಪೈರು ಕೊಳೆಯುತ್ತದೆ. ಮೊದಲ ದಿನಗಳಲ್ಲಿ ಕೇಡು ಮಾಡಿದ ಜೀನ್ ಎರಡನೆಯ ವಾರದಲ್ಲಿ ರಿಪೇರಿಗೆ ಬೇಕು. ಇದು ಎಂಎಂಪಿ-9 ಒಂದರ ಹಣೆಬರಹವಲ್ಲ. ಮೈಕ್ರೋಗ್ಲಿಯಾ ಕೂಡ ಹಾಗೇ. ಮೊದಲು ಉರಿ ಹಚ್ಚುವ ಅದೇ ಕೋಶಗಳು ನಂತರ ಸತ್ತ ಕೋಶಗಳ ಕಸ ತಿಂದು ಜಾಗ ಚೊಕ್ಕ ಮಾಡುತ್ತವೆ, ಬೆಳವಣಿಗೆಗೆ ಬೇಕಾದ ಪ್ರೋಟೀನ್ ಸುರಿಸುತ್ತವೆ. ಹಿಂದೆ ಇವುಗಳನ್ನು ಕೆಟ್ಟದ್ದು, ಒಳ್ಳೆಯದು ಎಂದು ಎರಡೇ ಗುಂಪು ಮಾಡುತ್ತಿದ್ದರು. ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಬೇರೆಬೇರೆಯಾಗಿ ಓದುವ ತಂತ್ರ ಬಂದ ಮೇಲೆ ಆ ವಿಂಗಡಣೆ ನಿಲ್ಲಲಿಲ್ಲ. ಒಂದೇ ಕೋಶದಲ್ಲಿ ಎರಡೂ ಬಗೆಯ ಜೀನ್‌ಗಳು ಎದ್ದಿರುವುದು ಕಾಣಿಸಿತು.

ಹತೋಟಿಯ ಇನ್ನೊಂದು ಪದರ ಇದೆ. ಡಿಎನ್‌ಎ ದಾರವನ್ನು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಟ್ಟಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಜೀನ್ ಓದಲಾಗದು, ಸಡಿಲವಾದರೆ ಓದಬಹುದು. ಸ್ಟ್ರೋಕ್ ನಂತರ ಈ ಬಿಗಿ-ಸಡಿಲದ ಲೆಕ್ಕವೂ ತಪ್ಪುತ್ತದೆ. ಇದರ ಒಳ್ಳೆಯ ಉದಾಹರಣೆ ರೆಸ್ಟ್ ಎಂಬ ಪ್ರೋಟೀನ್. ನರದ ಜೀನ್‌ಗಳು ಬೇರೆ ಅಂಗಗಳಲ್ಲಿ ತಲೆ ಎತ್ತದಂತೆ ನೋಡಿಕೊಳ್ಳುವುದು ಇದರ ಕೆಲಸ. ಬೆಳೆದ ನರಕೋಶದಲ್ಲಿ ಇದು ಕಡಿಮೆ ಇರುತ್ತದೆ. ಇಡೀ ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ನಿಂತರೆ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನ ಒಂದು ಭಾಗದಲ್ಲಿ ರೆಸ್ಟ್ ಹೆಚ್ಚುತ್ತದೆ. ಕ್ಯಾಲ್ಸಿಯಂ ಒಳಗೆ ಬಾರದಂತೆ ತಡೆಯುವ ಜೀನನ್ನು ಅದು ಸುತ್ತು ಬಿಗಿ ಮಾಡಿಸಿ ಮುಚ್ಚಿಸುತ್ತದೆ. ನ್ಯೂಯಾರ್ಕ್‌ನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ಸುಝಾನ್ ಝೂಕಿನ್ ಅವರ ತಂಡ ಇದನ್ನು ಬಿಡಿಸಿ ತೋರಿಸಿತು. ಈ ಕೋಶಗಳು ಆ ಕ್ಷಣಕ್ಕೆ ಸಾಯುವುದಿಲ್ಲ. ಎರಡು ಮೂರು ದಿನ ನೆಟ್ಟಗೆ ಕಾಣುತ್ತವೆ, ಆಮೇಲೆ ಸಾಯುತ್ತವೆ. ಕೊಂದದ್ದು ಆಮ್ಲಜನಕದ ಕೊರತೆ ಎನ್ನಬೇಕೋ, ಕೊರತೆ ಮುಗಿದ ಮೇಲೆ ಮುಚ್ಚಿದ ಜೀನ್ ಎನ್ನಬೇಕೋ?

ಪ್ರೋಟೀನ್ ಆಗದ ಆರ್‌ಎನ್‌ಎಗಳದ್ದು ಮತ್ತೊಂದು ಲೋಕ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋಆರ್‌ಎನ್‌ಎ ಕಂಡುಹಿಡಿದದ್ದಕ್ಕೆ 2024ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ನೊಬೆಲ್ ಬಂತು. ಇವು ಬೇರೆ ಆರ್‌ಎನ್‌ಎಗಳಿಗೆ ಅಂಟಿಕೊಂಡು ಅವು ಪ್ರೋಟೀನ್ ಆಗದಂತೆ ತಡೆಯುತ್ತವೆ. ಮಿದುಳಿನಲ್ಲಿ ಹೇರಳವಾಗಿರುವ ಮಿರ್-124 ಮೈಕ್ರೋಗ್ಲಿಯಾವನ್ನು ಶಾಂತವಾಗಿಡುತ್ತದೆ. ಮಿರ್-155 ಉರಿಯೂತದ ಬ್ರೇಕನ್ನೇ ಸಡಿಲ ಮಾಡುತ್ತದೆ. ಇಲಿಗಳಲ್ಲಿ ಸ್ಟ್ರೋಕ್ ಆಗಿ 48 ಗಂಟೆ ಕಳೆದ ಮೇಲೆ ಮಿರ್-155 ತಡೆಯಲು ಶುರು ಮಾಡಿದರೂ ಚೇತರಿಕೆ ಚೆನ್ನಾಗಿತ್ತು ಎಂದು 2015ರ ಅಧ್ಯಯನ ಹೇಳುತ್ತದೆ. 48 ಗಂಟೆ ಎನ್ನುವುದನ್ನು ಗಮನಿಸಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಸಮಯ 4.5 ಗಂಟೆ. ಹೆಪ್ಪು ಹೊರಗೆಳೆಯಲು, ಆಯ್ದ ರೋಗಿಗಳಲ್ಲಿ, 24 ಗಂಟೆ. ನಮ್ಮ ಹಳ್ಳಿಗಳಿಂದ, ಮೊದಲು ನಾಟಿ ಔಷಧಿ ನೋಡಿ ಆಮೇಲೆ ತಾಲ್ಲೂಕು ಆಸ್ಪತ್ರೆ ಮುಟ್ಟಿ ಅಲ್ಲಿಂದ ದೊಡ್ಡ ಊರಿಗೆ ಬರುವವರಿಗೆ ಈ ಬಾಗಿಲುಗಳು ಎಷ್ಟೋ ಸಲ ಮುಚ್ಚಿರುತ್ತವೆ. ಉರಿಯೂತದ ಬಾಗಿಲು ದಿನಗಟ್ಟಲೆ ತೆರೆದಿರುತ್ತದೆ. ಈ ಸಂಶೋಧನೆ ನಮ್ಮಂಥ ಕಡೆಗೆ ಜಾಸ್ತಿ ಮುಖ್ಯ ಎಂದು ನನಗೆ ಅನಿಸುವುದು ಇದಕ್ಕೇ.

ಸರಿ, ಹಾಗಿದ್ದರೆ ಔಷಧಿ ಎಲ್ಲಿ? ಇಲ್ಲಿಯವರೆಗಿನ ದಾಖಲೆ ಹುಮ್ಮಸ್ಸು ಇಳಿಸುವಂಥದ್ದು. ಬಿಳಿ ರಕ್ತಕಣ ಅಂಟದಂತೆ ಐಕ್ಯಾಮ್-1 ತಡೆಯುವ ಎನ್ಲಿಮೊಮ್ಯಾಬ್ ಎಂಬ ಔಷಧಿಯನ್ನು 625 ರೋಗಿಗಳ ಮೇಲೆ ಪ್ರಯೋಗಿಸಿದರು. 2001ರಲ್ಲಿ ಫಲಿತಾಂಶ ಬಂದಾಗ, ಔಷಧಿ ಪಡೆದವರೇ ಹೆಚ್ಚು ಸತ್ತಿದ್ದರು. ಶೇ 22.2, ಪಡೆಯದವರಲ್ಲಿ ಶೇ 16.2. ಆ ಔಷಧಿ ಇಲಿಯಿಂದ ತೆಗೆದ ಪ್ರತಿಕಾಯ. ಮನುಷ್ಯರ ಮೈ ಅದನ್ನೇ ಪರಕೀಯ ಎಂದು ಬಗೆದು ಇನ್ನಷ್ಟು ಉರಿಯೂತ ಎಬ್ಬಿಸಿರಬಹುದು ಎಂಬುದು ಒಂದು ವಿವರಣೆ. ಐಎಲ್-1 ತಡೆಯುವ ಔಷಧಿಯ ಪ್ರಯೋಗ 2018ರಲ್ಲಿ ಮುಗಿಯಿತು. ರಕ್ತದಲ್ಲಿ ಉರಿಯೂತದ ಗುರುತು ಇಳಿಯಿತು, ರೋಗಿಗಳ ಸ್ಥಿತಿ ಸುಧಾರಿಸಲಿಲ್ಲ. 80 ಜನರ ಪ್ರಯೋಗ ಅದು, ಚಿಕ್ಕದು. 2024ರಲ್ಲಿ ಚೀನಾದಲ್ಲಿ 8343 ಜನರ ಮೇಲೆ, ಉರಿಯೂತ ತಗ್ಗಿಸುವ ಕೊಲ್ಚಿಸಿನ್ ಎಂಬ ಔಷಧಿಯನ್ನು ಪ್ರಯೋಗಿಸಿದ ಫಲಿತಾಂಶ ಬಂತು. ಮೂರು ತಿಂಗಳಲ್ಲಿ ಮತ್ತೆ ಸ್ಟ್ರೋಕ್ ಆಗುವುದನ್ನು ಅದು ತಡೆಯಲಿಲ್ಲ.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದು ಹೊಸದಲ್ಲ. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯದು, ಗಂಡು, ಬಿಪಿ ಇಲ್ಲ, ಶುಗರ್ ಇಲ್ಲ. ಸ್ಟ್ರೋಕ್ ವಾರ್ಡಿನಲ್ಲಿ ಅಂಥವರು ಎಷ್ಟು ಜನ ಸಿಗುತ್ತಾರೆ? ಇದಕ್ಕಿಂತ ಸ್ವಾರಸ್ಯದ ಕಾರಣವೊಂದನ್ನು 2020ರಲ್ಲಿ ಎಂಗ್ ಲೋ ಅವರ ತಂಡವೇ ಮುಂದಿಟ್ಟಿತು. ಇಲಿ ಹಗಲು ಮಲಗಿ ರಾತ್ರಿ ಓಡಾಡುವ ಪ್ರಾಣಿ. ಸಂಶೋಧಕರು ಹಗಲು ಕೆಲಸ ಮಾಡುವವರು. ಹಾಗಾಗಿ ಪ್ರಯೋಗವೆಲ್ಲ ಇಲಿ ಮಲಗುವ ಹೊತ್ತಿನಲ್ಲಿ. ಮನುಷ್ಯರ ಔಷಧ ಪ್ರಯೋಗಗಳಿಗೆ ಸೇರುವವರಲ್ಲಿ ಹೆಚ್ಚಿನವರು ಹಗಲು, ಎಚ್ಚರವಿದ್ದಾಗ ಸ್ಟ್ರೋಕ್ ಆದವರು. ಮೊದಲು ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಕೈಕೊಟ್ಟಂಥ ಮೂರು ಚಿಕಿತ್ಸೆಗಳನ್ನು ತಂಡ ಎರಡೂ ಹೊತ್ತಿನಲ್ಲಿ ನೋಡಿತು. ಮಲಗುವ ಹೊತ್ತಿನಲ್ಲಿ ಕೊಟ್ಟರೆ ಉಪಯೋಗ, ಚುರುಕಾಗಿರುವ ಹೊತ್ತಿನಲ್ಲಿ ಕೊಟ್ಟರೆ ಉಪಯೋಗವಿಲ್ಲ. ಹಗಲು-ರಾತ್ರಿಯ ಲೆಕ್ಕ ಇಡುವ ಗಡಿಯಾರದ ಜೀನ್‌ಗಳು ಪ್ರತಿ ಕೋಶದಲ್ಲೂ ಇವೆ. ಪೆನಂಬ್ರಾ ಎಷ್ಟು ಹೊತ್ತು ಬದುಕುತ್ತದೆ ಎಂಬುದರ ಮೇಲೂ ಅವುಗಳ ಕೈ ಇದೆ. ಸಂಶೋಧಕರ ಆಫೀಸ್ ಟೈಮ್ ಇಷ್ಟೊಂದು ದುಬಾರಿಯಾಗಬಹುದು ಎಂದು ಯಾರು ಅಂದುಕೊಂಡಿದ್ದರು!

ಒಂದು ಆಶಾದಾಯಕ ಸುದ್ದಿಯೂ ಇದೆ. ಮೊಡವೆಗೆ ಕೊಡುವ ಹಳೆಯ ಆ್ಯಂಟಿಬಯೋಟಿಕ್ ಮಿನೋಸೈಕ್ಲಿನ್ ಮೈಕ್ರೋಗ್ಲಿಯಾವನ್ನು ತಣಿಸುತ್ತದೆ, ಎಂಎಂಪಿ-9 ತಗ್ಗಿಸುತ್ತದೆ. ಚೀನಾದಲ್ಲಿ 1724 ರೋಗಿಗಳಿಗೆ, ಸ್ಟ್ರೋಕ್ ಆದ ಮೂರು ದಿನಗಳ ಒಳಗೆ ಶುರು ಮಾಡಿ, ಇದನ್ನು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2025ರಲ್ಲಿ ಹೊರಬಂತು. ಮೂರು ತಿಂಗಳ ನಂತರ ಬಹುತೇಕ ಚೇತರಿಸಿಕೊಂಡವರು ಔಷಧಿ ಪಡೆದವರಲ್ಲಿ ಶೇ 52.6, ಪಡೆಯದವರಲ್ಲಿ ಶೇ 47.4. ಅಂತರ ಚಿಕ್ಕದು. ಬೇರೆ ದೇಶಗಳ ರೋಗಿಗಳಲ್ಲೂ ಇದು ಕಾಣಬೇಕು. ಆದರೆ ಈ ಔಷಧಿ ಬಲು ಅಗ್ಗ. ಉರಿಯೂತವನ್ನು ಪೂರ್ತಿ ಮುಚ್ಚದೆ, ಮೊದಲ ದಿನಗಳಲ್ಲಷ್ಟೇ ತಗ್ಗಿಸಿ ಬಿಟ್ಟುಬಿಡುವ ದಾರಿ ಇದು. ಎಂಎಂಪಿ-9 ಕಥೆ ಗೊತ್ತಿದ್ದವರಿಗೆ ಈ ದಾರಿ ಸರಿ ಅನಿಸುತ್ತದೆ.

ಹಾನಿ ಮಿದುಳಿಗೇ ನಿಲ್ಲುವುದಿಲ್ಲ ಎಂಬುದು ಇತ್ತೀಚಿನ ಅರಿವು. 2024ರಲ್ಲಿ ಮ್ಯೂನಿಕ್‌ನ ಆರ್ಥರ್ ಲೀಸ್ ಅವರ ತಂಡ ಇಲಿಗಳಲ್ಲಿ ತೋರಿಸಿದ್ದು ಇದು: ಸ್ಟ್ರೋಕ್ ಆದಾಗ ಏರುವ ಐಎಲ್-1 ಬೀಟಾ ಮೂಳೆಮಜ್ಜೆಯ ಕೋಶಗಳ ಡಿಎನ್‌ಎ ಸುತ್ತುಗಳನ್ನೇ ಬದಲಿಸುತ್ತದೆ. ಅಲ್ಲಿಂದ ಹೊರಡುವ ಹೊಸ ಬಿಳಿ ರಕ್ತಕಣಗಳು ವಾರಗಳ ನಂತರವೂ ಸಿಡುಕು ಸ್ವಭಾವದವು. ಅವು ಹೃದಯಕ್ಕೆ ಹೋಗಿ ಅಲ್ಲಿ ನಾರು ಬೆಳೆಯುವಂತೆ ಮಾಡುತ್ತವೆ. ಸ್ಟ್ರೋಕ್ ಆದವರಿಗೆ ಆಮೇಲೆ ಹೃದಯದ ತೊಂದರೆ ಬರುವುದನ್ನು ಡಾಕ್ಟರುಗಳು ಮೊದಲಿನಿಂದ ನೋಡುತ್ತಲೇ ಇದ್ದರು. ಅದರ ಹಿಂದಿನ ಒಂದು ಎಳೆ ಇಲ್ಲಿ ಸಿಕ್ಕಂತಾಯಿತು. ಐಎಲ್-1 ಬೀಟಾವನ್ನು ಬೇಗ ತಡೆದ ಇಲಿಗಳಲ್ಲಿ ಹೃದಯ ಉಳಿಯಿತು.

ಸ್ಟ್ರೋಕ್ ಬರುವ ಮೊದಲೂ ಇದೇ ಹತೋಟಿಯ ಆಟ ಇದೆ. 2012ರಲ್ಲಿ ಸಾವಿರಾರು ಜನರ ಡಿಎನ್‌ಎ ಜಾಲಾಡಿದಾಗ ಎಚ್‌ಡಿಎಸಿ9 ಎಂಬ ಜೀನ್ ಬಳಿಯ ಒಂದು ವ್ಯತ್ಯಾಸ, ದೊಡ್ಡ ರಕ್ತನಾಳ ಕಟ್ಟಿ ಬರುವ ಸ್ಟ್ರೋಕ್ ಜೊತೆ ತಳುಕು ಹಾಕಿಕೊಂಡಿದ್ದು ಕಂಡಿತು. ಹಿಸ್ಟೋನ್ ಸುತ್ತನ್ನು ಬಿಗಿ ಮಾಡುವ ಕುಟುಂಬದ ಜೀನ್ ಅದು. ಅದರ ಪ್ರೋಟೀನ್ ಎನ್‌ಎಫ್-ಕಪ್ಪಾ-ಬಿಯನ್ನು ಬಿಡುಗಡೆ ಮಾಡುವ ಕಿಣ್ವವನ್ನೂ ಚುರುಕುಗೊಳಿಸುತ್ತದೆ ಎಂದು 2020ರಲ್ಲಿ ಗೊತ್ತಾಯಿತು. ಕುತ್ತಿಗೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟುವಾಗಲೂ, ಮಿದುಳು ಊದುವಾಗಲೂ ಅದೇ ಹಳೆಯ ಹೆಸರು.

ಮನುಷ್ಯರಲ್ಲಿ ಇದನ್ನೆಲ್ಲ ಹೊತ್ತುಹೊತ್ತಿಗೆ ಅಳೆಯುವುದು ಹೇಗೆ ಎನ್ನುವುದೇ ಈಗಿನ ದೊಡ್ಡ ತೊಡಕು. ಬದುಕಿರುವವರ ಮಿದುಳಿನಿಂದ ಚೂರು ತೆಗೆಯಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವಂಥ ಮಿದುಳು ಬ್ಯಾಂಕ್‌ಗಳಲ್ಲಿ ಸಿಗುವುದು ತೀರಿಕೊಂಡವರು ದಾನವಾಗಿ ಬಿಟ್ಟುಹೋದ ಮಿದುಳು. ಅದು ಕೊನೆಯ ಗಳಿಗೆಯನ್ನು ಹೇಳುತ್ತದೆ, ಮೂರನೆಯ ಗಂಟೆಯನ್ನಲ್ಲ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರು ಬೇರೆ ಉಪಾಯ ಹಿಡಿದಿದ್ದಾರೆ. ಹೆಪ್ಪು ಹೊರಗೆಳೆಯುವ ಹೊತ್ತಿನಲ್ಲೇ, ಆ ಹೆಪ್ಪಿನ ಆಚೆ ಬದಿ ಸಿಕ್ಕಿಕೊಂಡಿದ್ದ ಸ್ವಲ್ಪ ರಕ್ತವನ್ನು ಕೊಳವೆಯಿಂದ ಎಳೆದು ತೆಗೆದಿಡುತ್ತಾರೆ. ಕುತ್ತಿಗೆಯ ಬಳಿಯಿಂದಲೂ ರಕ್ತ ತೆಗೆದು ಎರಡರಲ್ಲೂ ಯಾವ ಜೀನ್‌ಗಳು ಎದ್ದಿವೆ ಎಂದು ಹೋಲಿಸುತ್ತಾರೆ. ಬದುಕಿರುವ ಮನುಷ್ಯರ, ರಕ್ತ ನಿಂತ ಮಿದುಳಿನ ಒಳಗಿನ ಆ ಹೊತ್ತಿನ ಲೆಕ್ಕ ಹೀಗೆ ಕೈಗೆ ಸಿಗತೊಡಗಿದೆ. ಸದ್ಯಕ್ಕೆ ಆ ಲೆಕ್ಕ ಓದಿ ಮುಗಿಸುವ ಹೊತ್ತಿಗೆ ರೋಗಿಯ ಚಿಕಿತ್ಸೆಯ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಹಾಸಿಗೆ ಪಕ್ಕದಲ್ಲೇ ಒಂದು ಗಂಟೆಯೊಳಗೆ ಉತ್ತರ ಕೊಡುವ ಪರೀಕ್ಷೆ ಬಂದರೆ, ಯಾರಿಗೆ ಉರಿಯೂತ ತಗ್ಗಿಸಬೇಕು, ಯಾರಿಗೆ ಅದನ್ನು ಮುಟ್ಟದೆ ಬಿಡಬೇಕು ಎಂದು ನೋಡಿ ರೋಗಿಗಳನ್ನು ಆರಿಸಬಹುದು. ಇಲ್ಲಿಯವರೆಗಿನ ದೊಡ್ಡ ಪ್ರಯೋಗಗಳು ಒಂದೇ ಔಷಧಿಯನ್ನು ಎಲ್ಲರಿಗೂ, ಒಂದೇ ಲೆಕ್ಕದಲ್ಲಿ ಕೊಟ್ಟು ನೋಡಿದವೇ ಹೆಚ್ಚು.